ಪದೇ ಪದೇ ಸೋತವರು ತಮ್ಮ ಬೆಲೆಯನ್ನು ಹೇಗೆ ಕಂಡುಕೊಳ್ಳುವುದು?

ನಿಮ್ಮ ಪ್ರಶ್ನೆಯನ್ನು ಎರಡು ದಿನಗಳ ಹಿಂದೆಯೇ ಓದಿದ್ದರೂ ಉತ್ತರ ಬರೆಯಲು ಇವತ್ತು ಬಿಡುವಾಯಿತು. ನಿಮಗೀಗ 29 ವರ್ಷ, ಸರ್ಕಾರಿ ಹುದ್ದೆಗಾಗಿ ಮೂರು ಸಲ ಪರೀಕ್ಷೆ ಬರೆದರೂ ಆಯ್ಕೆಪಟ್ಟಿಯಲ್ಲಿ ಹೆಸರು ಬರಲಿಲ್ಲ, ‘ಇನ್ನೂ ಓದ್ತಾನೇ ಇದ್ದೀಯಾ?’ ಎಂದು ಕೇಳುವವರಿಗೆ ಅಂಜಿ ಹಬ್ಬಕ್ಕೂ ಊರಿಗೆ ಹೋಗುವುದನ್ನು ಬಿಟ್ಟಿದ್ದೇನೆ ಎಂದು ಬರೆದಿದ್ದೀರಿ. ಸೋಲಿನಿಂದ ನಿಜವಾಗಿಯೂ ಏನಾದರೂ ಕಲಿಯಲು ಆಗುತ್ತದೆಯೇ, ಕೈಯಲ್ಲಿ ತೋರಿಸಲು ಏನೂ ಇಲ್ಲದಾಗ ತನ್ನ ಬೆಲೆಯನ್ನು ತಾನು ಹೇಗೆ ಕಂಡುಕೊಳ್ಳುವುದು ಎಂದು ಕೇಳಿದ್ದೀರಿ.

ನಾನು ಅಂಥ ಪರೀಕ್ಷೆ ಬರೆದವಳಲ್ಲ. ಕನಕಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವವಳು. ಅದಕ್ಕೂ ಮೊದಲು ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೆ. 2014ರಲ್ಲಿ ಆ ಘಟಕವನ್ನು ಮುಚ್ಚಿದರು. ಬೇರೆ ಕಡೆ ಕೆಲಸ ಹುಡುಕಿ ಸಿಗದೆ, ಬಾಡಿಗೆ ಕಟ್ಟಲಾರದೆ, ಯಜಮಾನರ ಊರಿಗೆ ಬಂದು ಅತ್ತೆಯವರ ಜೊತೆ ಹುಳು ಮನೆಗೆ ಇಳಿದೆ. ಊರಿನವರು ನನ್ನನ್ನು ‘ಬೆಂಗ್ಳೂರಲ್ಲಿ ಆಗ್ಲಿಲ್ಲ ಅಂತ ಬಂದೋಳು’ ಎಂದೇ ಗುರುತಿಸುತ್ತಿದ್ದರು. ಆ ಮಾತು ಸುಳ್ಳಾಗಿರಲಿಲ್ಲವಾದ್ದರಿಂದ ಹೆಚ್ಚು ನೋಯುತ್ತಿತ್ತು.

ನಿಮಗೆ ಹೇಳಬೇಕಾದದ್ದು ನಡೆದದ್ದು 2016ರ ಮಳೆಗಾಲದಲ್ಲಿ. ಹುಳು ಸಾಕಣೆಯ ಪರಿಚಯ ನಿಮಗಿಲ್ಲದಿರಬಹುದು, ಆದ್ದರಿಂದ ನಾಲ್ಕು ಮಾತು ಬಿಡಿಸಿ ಹೇಳುತ್ತೇನೆ. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವವರೆಗೆ ಸುಮಾರು 25 ದಿನ ಬದುಕುತ್ತದೆ. ಅಷ್ಟರಲ್ಲಿ ನಾಲ್ಕು ಸಲ ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ನಿಂತು, ಹಳೆಯ ಚರ್ಮವನ್ನು ಕಳಚುತ್ತದೆ. ಇದನ್ನೇ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಬರುವ ಐದನೆಯ ಹಂತ ಆರೇಳು ದಿನದ್ದು, ಆದರೆ ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಶೇ 80ಕ್ಕಿಂತ ಹೆಚ್ಚು ಖರ್ಚಾಗುವುದು ಆ ವಾರದಲ್ಲಿಯೇ. ಆದ್ದರಿಂದ ಬೆಳೆ ಆ ವಾರದಲ್ಲಿ ಕೆಟ್ಟರೆ ಸೊಪ್ಪು, ಗೊಬ್ಬರ, ಕೂಲಿ, ನಿದ್ದೆ ಎಲ್ಲವನ್ನೂ ಹಾಕಿ ಮುಗಿಸಿದ ಮೇಲೆ ಕೆಟ್ಟಂತಾಗುತ್ತದೆ.

ನಾನು ಅತ್ತೆಯವರ ನೆರಳಿನಿಂದ ಹೊರಬಂದು ಸ್ವಂತ ಜವಾಬ್ದಾರಿಯಲ್ಲಿ ಮಾಡಿದ ಮೊದಲ ದೊಡ್ಡ ಬೆಳೆ ಅದು. ಸ್ತ್ರೀಶಕ್ತಿ ಸಂಘದಲ್ಲಿ 30,000 ರೂಪಾಯಿ ಸಾಲ ತೆಗೆದು 150 ಮೊಟ್ಟೆಯ ಚಾಕಿ, ಅಂದರೆ ಎಳೆಯ ಹುಳು, ತಂದಿದ್ದೆ. ನಾವು ಒಂದು ಮೊಟ್ಟೆ ಎನ್ನುವುದು ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆಗಳನ್ನು, ಹಾಗಾಗಿ ಅದರಲ್ಲಿ 60,000ಕ್ಕೂ ಮೀರಿದ ಹುಳುಗಳಿದ್ದವು. ಐದನೆಯ ಹಂತದ ನಾಲ್ಕನೆಯ ದಿನ, ಬೆಳಗಿನ ಐದು ಗಂಟೆಗೆ ಸೊಪ್ಪು ಹಾಕಲು ಹೋದಾಗ, ಕೆಲವು ಹುಳುಗಳು ಸೊಪ್ಪಿನ ಮೇಲೆ ಬರದೆ ಅಟ್ಟಣಿಗೆಯ ಅಂಚಿನಲ್ಲಿ ಸಾಲಾಗಿ ಅಲೆಯುತ್ತಿದ್ದುದನ್ನು ಕಂಡೆ. ಒಂದನ್ನು ಕೈಗೆ ತೆಗೆದುಕೊಂಡೆ. ಮೈಯ ಗೆಣ್ಣು ಗೆಣ್ಣೂ ಊದಿಕೊಂಡಿತ್ತು, ಚರ್ಮ ಎಳೆದು ಕಟ್ಟಿದಂತೆ ಹೊಳೆಯುತ್ತಿತ್ತು, ಬೆರಳು ತಾಗಿದ್ದಷ್ಟಕ್ಕೇ ಒಡೆದು ಹಾಲಿನಂಥ ರಸ ಅಂಗೈಗೆ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಅತ್ತೆಯವರು ನನ್ನ ಕೈ ನೋಡಿ, ‘ಹಾಲುತೊಂಡೆ ಕಣವ್ವ’ ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು.

ಹಾಲುತೊಂಡೆ ರೋಗ ವೈರಸ್‌ನಿಂದ ಬರುತ್ತದೆ. ಅಂಟಿದ ಹುಳುವಿಗೆ ಔಷಧವಿಲ್ಲ, ಕಂಡಕಂಡದ್ದನ್ನು ಆರಿಸಿ ಬ್ಲೀಚಿಂಗ್ ಪುಡಿಯ ನೀರಿಗೆ ಹಾಕಿ ಹೂಳುವುದಷ್ಟೇ ದಾರಿ. ಆರನೆಯ ದಿನದ ಹೊತ್ತಿಗೆ ಹುಳು ಮನೆಯ ನಾತ ಬೀದಿಗೆ ಬರುತ್ತಿತ್ತು. ಹಿತ್ತಿಲಲ್ಲಿ ಗುಂಡಿ ತೆಗೆದು, ಸುಣ್ಣ ಎರಚಿ, ಬಕೆಟ್ಟಿನಲ್ಲಿ ಹೊತ್ತು ಹೊತ್ತು ಸುರಿದೆವು. ನೂರು ಕಿಲೋ ಗೂಡು ಬರಬೇಕಿದ್ದ ಕಡೆ ಬಂದದ್ದು 19 ಕಿಲೋ.

ಆಮೇಲಿನ ಎರಡು ತಿಂಗಳು ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ತಿರುಗುತ್ತಿತ್ತು: ನಾನು ಎಂಥವಳು? ಕೆಲಸ ಉಳಿಸಿಕೊಳ್ಳಲಾಗದವಳು, ಹುಳು ಉಳಿಸಿಕೊಳ್ಳಲಾಗದವಳು, ಸಾಲ ತಂದು ಮನೆಯವರ ತಲೆಯ ಮೇಲೆ ಹಾಕಿದವಳು. ಈ ಪ್ರಶ್ನೆಯ ಸ್ವಭಾವವೇ ವಿಚಿತ್ರ. ಅದು ಉತ್ತರಕ್ಕಾಗಿ ಹುಡುಕುವುದಿಲ್ಲ, ಸಾಕ್ಷಿಗಳನ್ನು ಕೂಡಿಹಾಕುತ್ತಾ ಹೋಗುತ್ತದೆ. ಏಳನೆಯ ತರಗತಿಯಲ್ಲಿ ಗಣಿತದಲ್ಲಿ ಅನುತ್ತೀರ್ಣಳಾದದ್ದೂ ನೆನಪಿಗೆ ಬಂದು, ‘ಆಗಲೇ ಗೊತ್ತಾಗಬೇಕಿತ್ತು’ ಎಂದು ನಂಬಿಸುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಬರುತ್ತಿರಲಿಲ್ಲ. ಉಣ್ಣುವುದು ಬೇಡವೆನಿಸುತ್ತಿತ್ತು. ನೀವೂ ‘ಬೆಳಗಾಗುವುದೇ ಬೇಡ ಎನ್ನಿಸುತ್ತದೆ’ ಎಂದು ಬರೆದಿರುವುದರಿಂದ ಈ ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ಯಜಮಾನರು ಒತ್ತಾಯ ಮಾಡಿ ನನ್ನನ್ನು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದುಕೊಂಡು ಹೋದರು, ಆರು ತಿಂಗಳು ಮಾತ್ರೆ ತೆಗೆದುಕೊಂಡೆ, ಅದರಿಂದ ನಿದ್ದೆ ಮರಳಿತು. ನಿದ್ದೆಯಿಲ್ಲದ ತಲೆಯಲ್ಲಿ ನಾನು ಮುಂದೆ ಹೇಳಲಿರುವ ಯಾವ ಯೋಚನೆಯೂ ಹುಟ್ಟುತ್ತಿರಲಿಲ್ಲ. ಈಗ ಟೆಲಿಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ನಿಮ್ಮ ಸಾಲುಗಳನ್ನು ಓದಿದ ಮೇಲೆ, ಉಳಿದೆಲ್ಲಕ್ಕಿಂತ ಮೊದಲು ನೀವು ಈ ಕರೆ ಮಾಡಬೇಕೆಂದು ನನಗೆ ಅನ್ನಿಸಿದೆ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ರೇಷ್ಮೆ ಇಲಾಖೆಯ ವಿಸ್ತರಣಾಧಿಕಾರಿಯೊಬ್ಬರು ಮನೆಗೆ ಬಂದರು. ಬೈಯುತ್ತಾರೆ ಅಥವಾ ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ, ಅವರು ಎರಡನ್ನೂ ಮಾಡಲಿಲ್ಲ. ಜಗಲಿಯ ಮೇಲೆ ಕುಳಿತು, ಜೇಬಿನಿಂದ ಸಣ್ಣ ಪುಸ್ತಕ ತೆಗೆದು, ಕೇಳತೊಡಗಿದರು. ‘ಹಿಂದಿನ ಬೆಳೆ ಗೂಡು ಯಾವತ್ತು ಬಿಡಿಸಿದ್ರಮ್ಮ? ಮನೆಗೆ ಔಷಧ ಯಾವತ್ತು ಹೊಡೆದ್ರಿ? ಒಂದು ಸಲವೋ, ಎರಡು ಸಲವೋ? ಬ್ಲೀಚಿಂಗ್ ಪುಡಿಯ ಪಾಕೆಟ್ಟು ಹೊಸದೋ, ಮೊದಲೇ ಒಡೆದಿಟ್ಟದ್ದೋ? ಚಾಕಿ ತಂದ ವಾರ ಎಷ್ಟು ದಿನ ಮಳೆ ಬಿತ್ತು? ಒದ್ದೆ ಸೊಪ್ಪು ಹಾಕಿದ್ರಾ?’ ಒಂದೊಂದಕ್ಕೂ ಉತ್ತರ ಹೇಳುತ್ತಾ ಹೋದಂತೆ, ನಡೆದದ್ದು ನನ್ನ ಕಣ್ಣ ಮುಂದೆಯೇ ಬಿಚ್ಚಿಕೊಳ್ಳತೊಡಗಿತು. ಒಂದು ಬೆಳೆ ಇಳಿದ ಕೂಡಲೇ ಒಮ್ಮೆ, ಮುಂದಿನ ಚಾಕಿ ತರುವ ಮೂರು ನಾಲ್ಕು ದಿನ ಮೊದಲು ಇನ್ನೊಮ್ಮೆ, ಶೇ 2ರ ಬ್ಲೀಚಿಂಗ್ ಪುಡಿಯ ದ್ರಾವಣಕ್ಕೆ ಸುಣ್ಣ ಬೆರೆಸಿ ಗೋಡೆ, ನೆಲ, ಅಟ್ಟಣಿಗೆ, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲವೂ ನೆನೆಯುವಂತೆ ಸಿಂಪಡಿಸಬೇಕು. ನಾನು ಸಾಲದ ಬಡ್ಡಿಯ ಆತುರದಲ್ಲಿ ಎರಡು ಬೆಳೆಗಳ ನಡುವೆ ಐದೇ ದಿನ ಬಿಟ್ಟಿದ್ದೆ, ಒಂದೇ ಸಲ ಹೊಡೆದಿದ್ದೆ, ಅದೂ ಬಾಯಿ ತೆರೆದಿಟ್ಟು ಕಸುವು ಹೋಗಿದ್ದ ಹಳೆಯ ಪುಡಿಯಿಂದ. ಹಿಂದಿನ ಬೆಳೆಯಲ್ಲಿ ಅಲ್ಲೊಂದು ಇಲ್ಲೊಂದು ಸತ್ತ ಹುಳುಗಳ ರೋಗ ಗೋಡೆಯ ಬಿರುಕಿನಲ್ಲಿ ಹಾಗೇ ಉಳಿದಿತ್ತು.

ಅವರು ಪುಸ್ತಕ ಮುಚ್ಚಿದರು. ಅವರ ಇಷ್ಟು ಪ್ರಶ್ನೆಗಳಲ್ಲಿ ಒಂದಾದರೂ ‘ನೀವು ಎಂಥವರು’ ಎಂಬುದಾಗಿರಲಿಲ್ಲ ಎಂದು ನನಗೆ ಹೊಳೆದದ್ದು ಅವರು ಹೊರಟುಹೋದ ಮೇಲೆ. ಅವರು ಕೇಳಿದ್ದೆಲ್ಲ ‘ಏನಾಯಿತು’ ಎಂಬ ಒಂದೇ ಪ್ರಶ್ನೆಯ ಬೇರೆ ಬೇರೆ ರೂಪ. ಒಂಬತ್ತು ವರ್ಷ ಲೆಕ್ಕ ಬರೆದವಳಿಗೆ ಈ ವ್ಯತ್ಯಾಸ ಹೊಸದಾಗಿರಬಾರದಿತ್ತು. ತಿಂಗಳ ಕೊನೆಯಲ್ಲಿ ಬ್ಯಾಂಕಿನ ಪಟ್ಟಿಗೂ ನಮ್ಮ ಪುಸ್ತಕಕ್ಕೂ ತಾಳೆಯಾಗದಿದ್ದರೆ, ಈ ಪುಸ್ತಕವೇ ಕೆಟ್ಟದ್ದು, ಇದರ ಹಣೆಬರಹವೇ ಇಷ್ಟು ಎಂದು ಯಾರೂ ಕಸದಬುಟ್ಟಿಗೆ ಹಾಕುವುದಿಲ್ಲ. ಯಾವ ದಿನದ, ಯಾವ ಚೀಟಿಯ, ಯಾವ ಅಂಕಿ ತಪ್ಪಾಗಿದೆ ಎಂದು ಸಾಲು ಸಾಲಾಗಿ ಬೆರಳಿಟ್ಟು ಹುಡುಕುತ್ತೇವೆ, ಸಿಕ್ಕಿದಾಗ ಸಣ್ಣದೊಂದು ಸಂತೋಷವೂ ಆಗುತ್ತದೆ. ಕಾಗದದ ಪುಸ್ತಕಕ್ಕೆ ಕೊಟ್ಟ ಆ ಮರ್ಯಾದೆಯನ್ನು ನಾನು ನನಗೆ ಕೊಟ್ಟುಕೊಂಡಿರಲಿಲ್ಲ.

ಸೋಲಿನಿಂದ ಕಲಿಯಲು ಆಗುತ್ತದೆಯೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದ ಶುರುವಾಗುತ್ತದೆ. ‘ನಾನು ಎಂಥವಳು’ ಎಂದು ಕೇಳಿಕೊಳ್ಳುತ್ತಿದ್ದ ಎರಡು ತಿಂಗಳಲ್ಲಿ ನಾನು ಕಲಿತದ್ದು ಏನೂ ಇಲ್ಲ. ‘ಏನಾಯಿತು’ ಎಂದು ಕೇಳಿದ ಅರ್ಧ ಗಂಟೆಯಲ್ಲಿ ಮೂರು ತಪ್ಪು ಸಿಕ್ಕವು, ಮೂರೂ ತಿದ್ದಬಹುದಾದವು. ತಪ್ಪು ನನ್ನದೇ ಎಂದು ಖಚಿತವಾಗಿ ಗೊತ್ತಾದ ಆ ಸಂಜೆ ನನ್ನ ಎದೆಯ ಭಾರ ಕಡಿಮೆಯಾಯಿತು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅದುವರೆಗೆ ನನ್ನ ತಪ್ಪಿಗೆ ಗಾತ್ರವೇ ಇರಲಿಲ್ಲ, ಇಡೀ ನಾನೇ ತಪ್ಪಾಗಿದ್ದೆ. ಈಗ ಅದಕ್ಕೆ ಒಂದು ಬ್ಲೀಚಿಂಗ್ ಪುಡಿಯ ಪಾಕೆಟ್ಟಿನ ಗಾತ್ರ ಬಂದಿತ್ತು.

ಆದರೆ ಇಲ್ಲಿಗೇ ನಿಲ್ಲಿಸಿದರೆ ನಿಮಗೆ ಅರ್ಧ ಹೇಳಿದಂತೆ ಆಗುತ್ತದೆ. ಪ್ರತಿ ಸೋಲೂ ಪಾಠ ಕಲಿಸುತ್ತದೆ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ತಿಳಿಯದೆಯೇ ಒಂದು ಕ್ರೌರ್ಯ ಸೇರಿಕೊಂಡಿದೆ ಎಂದು ನನಗೆ ಅನ್ನಿಸುತ್ತದೆ.

2020ರ ಏಪ್ರಿಲ್‌ನಲ್ಲಿ ನನ್ನ ಬೆಳೆ ಬಹಳ ಚೆನ್ನಾಗಿ ಬಂದಿತ್ತು. ಅಷ್ಟು ಹೊತ್ತಿಗೆ ನಾನು ಪ್ರತಿ ಬೆಳೆಗೂ ದಿನಚರಿ ಇಡುತ್ತಿದ್ದೆ, ಹುಳು ಮನೆಯ ಗೋಡೆಯಲ್ಲಿ ತೇವ ಮತ್ತು ಶಾಖ ತೋರಿಸುವ ಮಾಪಕ ನೇತು ಹಾಕಿದ್ದೆ, ಮನೆಯವರೂ ಕಾಲಿಗೆ ಬೇರೆ ಚಪ್ಪಲಿ ಹಾಕಿಕೊಂಡೇ ಒಳಗೆ ಬರಬೇಕೆಂದು ಕಟ್ಟು ಮಾಡಿದ್ದೆ. ಗೂಡು ಬೆಳ್ಳಗೆ, ಗಟ್ಟಿಯಾಗಿ, ಒಂದೇ ಅಳತೆಯಲ್ಲಿ ನಿಂತಿತ್ತು. ಆಗಲೇ ಲಾಕ್‌ಡೌನ್. ಸೀರೆ ಕೊಳ್ಳುವವರಿಲ್ಲ, ಮಗ್ಗಗಳು ನಿಂತಿವೆ, ಗೂಡಿನಿಂದ ಎಳೆ ಬಿಚ್ಚುವ ರೀಲರುಗಳ ಬಳಿ ನೂಲು ಮಾರಾಟವಾಗದೆ ಉಳಿದಿದೆ, ಹಾಗಾಗಿ ಗೂಡಿಗೆ ಬೆಲೆ ಇಲ್ಲ. ಬೆಲೆ ಬರುವವರೆಗೆ ಇಟ್ಟುಕೊಳ್ಳೋಣವೆಂದರೆ ಅದೂ ಸಾಧ್ಯವಿಲ್ಲ, ಏಕೆಂದರೆ ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡನ್ನು ಸೀಳಿಕೊಂಡು ಹೊರಬರುತ್ತದೆ, ಸೀಳಿದ ಗೂಡಿನಿಂದ ಉದ್ದನೆಯ ಎಳೆ ಬಿಚ್ಚಲು ಬರುವುದಿಲ್ಲ. ಹಿಂದಿನ ಬೆಳೆಯ ಅರ್ಧದಷ್ಟೂ ದರ ಸಿಗದೆ ಕೊಟ್ಟು ಬಂದೆ. ಕೈಗೆ ಬಂದ ಹಣ ಕೂಲಿಗೇ ಸಾಲಲಿಲ್ಲ.

ಆ ರಾತ್ರಿ ಅಭ್ಯಾಸದಂತೆ ದಿನಚರಿ ತೆಗೆದು, ಏನಾಯಿತು, ಎಲ್ಲಿ ತಪ್ಪಿದೆ ಎಂದು ಹುಡುಕಿದೆ. ಎರಡು ಸಲ ಓದಿದೆ. ನನ್ನ ಕಡೆಯಿಂದ ತಪ್ಪಿದ ಒಂದು ದಿನವೂ ಸಿಗಲಿಲ್ಲ. ಪಕ್ಕದಲ್ಲಿದ್ದ ಅತ್ತೆಯವರು, ಸುಂಕ ಇಳಿಸಿದ ವರ್ಷವೂ ಹೀಗೇ ಆಗಿತ್ತು ಎಂದು ನೆನಪು ಮಾಡಿಕೊಂಡರು. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಬಿದ್ದು ನಮ್ಮ ಭಾಗದ ಮನೆ ಮನೆಯೂ ನಲುಗಿತ್ತು. ಅವರು ನಲವತ್ತು ವರ್ಷ ಹುಳು ಸಾಕಿದವರು, ಆ ವರ್ಷ ಹೊಸದಾಗಿ ಯಾವ ತಪ್ಪನ್ನೂ ಮಾಡಿರಲಿಲ್ಲ. ದೆಹಲಿಯಲ್ಲಿ ಬದಲಾದ ಒಂದು ಅಂಕಿಯಿಂದ ಅವರು ತಮ್ಮ ಬಗ್ಗೆ ಏನನ್ನು ಕಲಿಯಬೇಕಿತ್ತು? ಏನನ್ನೂ ಅಲ್ಲ. ನಾನು ಆ ದಿನದ ಪುಟದಲ್ಲಿ ‘ನನ್ನದಲ್ಲ’ ಎಂದು ಒಂದೇ ಪದ ಬರೆದು ಪುಸ್ತಕ ಮುಚ್ಚಿದೆ. ಹಾಗೆ ಬರೆಯಲು 2016ರಲ್ಲಿ ‘ನನ್ನದು’ ಎಂದು ಪ್ರಾಮಾಣಿಕವಾಗಿ ಬರೆದಿದ್ದೇ ಧೈರ್ಯ ಕೊಟ್ಟಿತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಯಾವಾಗಲೂ ‘ನನ್ನದಲ್ಲ’ ಎನ್ನುವವರು ಏನನ್ನೂ ತಿದ್ದಿಕೊಳ್ಳಲಾರರು, ಯಾವಾಗಲೂ ‘ನನ್ನದೇ’ ಎನ್ನುವವರು ಹೆಚ್ಚು ದಿನ ತಡೆದುಕೊಳ್ಳಲಾರರು.

ನಿಮ್ಮ ಪರೀಕ್ಷೆಯಲ್ಲಿಯೂ ಈ ಎರಡು ಬಗೆಯವು ಬೆರೆತಿರುತ್ತವೆ. ಹತ್ತು ಹುದ್ದೆಗೆ ಸಾವಿರ ಜನ ಬರೆದರೆ, ಆ ಸಾವಿರವೂ ಒಂದಕ್ಕಿಂತ ಒಂದು ಮೇಲಾದ ಉತ್ತರ ಪತ್ರಿಕೆಗಳಾಗಿದ್ದರೂ, 990 ಜನ ಮನೆಗೆ ಹೋಗಲೇಬೇಕು. ಅದು ಹುದ್ದೆಗಳ ಲೆಕ್ಕ, ಮನುಷ್ಯರ ಲೆಕ್ಕವಲ್ಲ. ಅದರ ಜೊತೆಗೆ, ಪ್ರಬಂಧದಲ್ಲಿ ಸಮಯ ಸಾಲದೆ ಬಿಟ್ಟ ಎರಡು ಪುಟ, ನೀವೇ ಮುಂದೂಡುತ್ತಾ ಬಂದ ಒಂದು ವಿಷಯ ಇವೂ ಇರಬಹುದು, ಅವು ನಿಮ್ಮವು. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಹೊರುತ್ತಿರುವುದರಿಂದ ಅದು ಇಷ್ಟು ಭಾರವಾಗಿದೆ.

ಇನ್ನು ಬೆಲೆಯ ಮಾತು. ಕನ್ನಡದಲ್ಲಿ ಗೂಡಿನ ದರಕ್ಕೂ ಮನುಷ್ಯನ ಯೋಗ್ಯತೆಗೂ ಬೆಲೆ ಎಂಬ ಒಂದೇ ಪದವಿದೆ. ಬಹಳ ದಿನ ನಾನು ಅದನ್ನು ಒಂದೇ ಅರ್ಥದಲ್ಲಿ ತಿಳಿದುಕೊಂಡಿದ್ದೆ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲಿಯೇ ದೊಡ್ಡದು ಎಂದು ಹೆಸರಾದದ್ದು. ಅಲ್ಲಿ ಹರಾಜಿಗಿಟ್ಟ ನಮ್ಮ ಗೂಡಿನ ರಾಶಿಯ, ಅಂದರೆ ಲಾಟಿನ, ಪಕ್ಕ ನಾವು ನಿಂತಿರುತ್ತೇವೆ. ರೀಲರುಗಳು ಬಂದು, ಒಂದು ಹಿಡಿ ಗೂಡು ಎತ್ತಿ, ಬೆರಳಲ್ಲಿ ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಕೋಶದ ಸದ್ದು ಕೇಳಿ, ಮುಖದಲ್ಲಿ ಏನನ್ನೂ ತೋರಿಸದೆ ಮುಂದೆ ಹೋಗುತ್ತಾರೆ. ಮೊದಲೆರಡು ವರ್ಷ, ಅವರು ಅದುಮುತ್ತಿದ್ದುದು ನನ್ನನ್ನೇ ಎಂಬಂತೆ ನಿಂತಿರುತ್ತಿದ್ದೆ. ದರ ಹೆಚ್ಚು ಬಂದ ದಿನ ಬಸ್ಸಿನಲ್ಲಿ ಎಲ್ಲರನ್ನೂ ಮಾತನಾಡಿಸುತ್ತಿದ್ದೆ, ಕಡಿಮೆ ಬಂದ ದಿನ ಕಿಟಕಿಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದೆ. ಆಮೇಲೆ ಗಮನಿಸಿದೆ: ಒಂದೇ ಮನೆಯ, ಒಂದೇ ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ಎರಡು ದಿನಕ್ಕೆ ಹಂಚಿ ತಂದರೆ ಎರಡು ದರ. ಅವತ್ತು ಎಷ್ಟು ಲಾಟು ಬಂದಿವೆ, ನೂಲಿನ ದರ ಎಷ್ಟಿದೆ, ಚೀನಾದ ರೇಷ್ಮೆ ಯಾವ ಬೆಲೆಗೆ ಬಂದು ಇಳಿಯುತ್ತಿದೆ ಎಂಬುದೆಲ್ಲ ಸೇರಿ ಆದ ಅಂಕಿ ಅದು. ಗೂಡಿನ ಗುಣಕ್ಕೆ ಅದರಲ್ಲಿ ಪಾಲುಂಟು, ನನಗೆ ಪಾಲಿಲ್ಲ. ಹಬ್ಬದ ಪಂಕ್ತಿಯಲ್ಲಿ ನಿಮ್ಮನ್ನು ಕೇಳುವ ನೆಂಟರೂ ಆ ದಿನದ ದರವನ್ನು ಕೂಗುತ್ತಿದ್ದಾರೆ ಅಷ್ಟೇ.

ಹಾಗಾದರೆ ನನ್ನ ಬೆಲೆ ನನಗೆ ಹೇಗೆ ಗೊತ್ತಾಯಿತು ಎಂದರೆ, ಒಂದು ದಿನ ಥಟ್ಟನೆ ಗೊತ್ತಾದದ್ದಲ್ಲ. ನಮ್ಮ ಭಾಗದಲ್ಲಿ ಹುಳು ಮನೆಯ ಕೆಲಸದ ಬಹುಪಾಲು ಹೆಂಗಸರದ್ದೇ, ಆದರೆ ಮಾರುಕಟ್ಟೆಯ ಚೀಟಿಯಲ್ಲಿರುವುದು ಗಂಡಸರ ಹೆಸರು. 2018ರಲ್ಲಿ ಯಜಮಾನರೇ ಕಚೇರಿಗೆ ಓಡಾಡಿ ರೇಷ್ಮೆ ಬೆಳೆಗಾರರ ಪಾಸ್‌ಬುಕ್ ನನ್ನ ಹೆಸರಿಗೆ ಮಾಡಿಸಿದರು. ಮೊದಲ ಸಲ ನನ್ನ ಹೆಸರಿದ್ದ ತೂಕದ ಚೀಟಿಯನ್ನು ಅತ್ತೆಯವರಿಗೆ ಓದಿ ಹೇಳಿದಾಗ, ಅವರು ಅದನ್ನು ಕೈಗೆ ತೆಗೆದುಕೊಂಡು, ಅಕ್ಷರ ಬಾರದವರಾದರೂ ಹೆಸರಿನ ಮೇಲೆ ಬೆರಳಾಡಿಸಿ, ‘ನಂದೂ ಒಂದು ಇರ್ಬೇಕಾಗಿತ್ತು’ ಎಂದರು. ನಲವತ್ತು ವರ್ಷ ಎಷ್ಟೋ ಕ್ವಿಂಟಲ್ ಗೂಡು ಬೆಳೆದ ಹೆಂಗಸಿನ ಹೆಸರು ಒಂದು ಚೀಟಿಯಲ್ಲೂ ಇರಲಿಲ್ಲ. ಹಾಗೆಂದು ಅವರಿಗೆ ಬೆಲೆಯಿರಲಿಲ್ಲವೇ? ಹುಳುವಿನ ಮೈ ಬಣ್ಣ ನೋಡಿಯೇ ಜ್ವರ ಯಾವಾಗ ಏಳುತ್ತದೆಂದು ಹೇಳುತ್ತಿದ್ದ, ಹಾಲುತೊಂಡೆ ಎಂದು ನನಗಿಂತ ಮೊದಲು ಗುರುತಿಸಿಯೂ ನನ್ನನ್ನು ಒಂದು ಮಾತು ಆಡದೆ ನನ್ನ ಜೊತೆ ಬಕೆಟ್ಟು ಹೊತ್ತ ಅವರ ಯೋಗ್ಯತೆ ಎಲ್ಲಿಯೂ ದಾಖಲಾಗದೆ ಅಲ್ಲಿಯೇ ಇತ್ತು. ಅವರಲ್ಲಿ ಅದನ್ನು ಕಂಡ ಮೇಲೆ, ದಾಖಲಾಗದ ನನ್ನದನ್ನೂ ಇಲ್ಲವೆಂದು ಹೇಳುವುದು ನನಗೆ ಸಾಧ್ಯವಾಗಲಿಲ್ಲ.

ಸಂತೋಷದ ಬಗ್ಗೆಯೂ ಒಂದು ಸಾಲು ಕೇಳಿದ್ದೀರಿ. ನನ್ನ ದಿನಚರಿಯಲ್ಲಿ ಮೊದಲು ಕಿಲೋ ಮತ್ತು ದರ ಮಾತ್ರ ಇರುತ್ತಿದ್ದವು. ಈಗ ಬೇರೆಯವೂ ಇವೆ. ತಿರುವಿ ನೋಡಿದಾಗ, ನಾನು ಸಂತೋಷವಾಗಿದ್ದೆ ಎಂದು ತೋರುವ ಪುಟಗಳಲ್ಲಿ ಹೆಚ್ಚಿನವು ಮಾರುಕಟ್ಟೆಯ ದಿನದವಲ್ಲ, ಐದನೆಯ ಹಂತದ ರಾತ್ರಿಗಳವು. ರಾತ್ರಿ ಹತ್ತರ ಸೊಪ್ಪು ಹಾಕಿ ದೀಪ ಆರಿಸಿದರೆ, ಸಾವಿರಾರು ಹುಳುಗಳು ಒಟ್ಟಿಗೆ ಮೇಯುವ ಸದ್ದು ಹಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳುತ್ತದೆ. ಅತ್ತೆಯವರು ಹೊಸ್ತಿಲ ಮೇಲೆ ಕುಳಿತು ಎಲೆ ಅಡಿಕೆ ಮೆಲ್ಲುತ್ತಿರುತ್ತಾರೆ, ನಾನು ಗೋಡೆಗೆ ಒರಗಿರುತ್ತೇನೆ. ಆ ಹೊತ್ತಿಗೆ ಬೆಳೆ ಕೈ ಹಿಡಿಯುತ್ತದೋ ಬಿಡುತ್ತದೋ ನಮ್ಮಿಬ್ಬರಿಗೂ ಗೊತ್ತಿರುವುದಿಲ್ಲ. ಫಲಿತಾಂಶ ತಿಳಿಯುವ ಮೊದಲೇ ಸಂತೋಷವಾಗಿರಲು ಸಾಧ್ಯವಿದೆ ಎಂಬುದು ಓದಿ ತಿಳಿದ ಮಾತಾಗಿದ್ದರೆ ನಾನು ನಂಬುತ್ತಿರಲಿಲ್ಲ, ನನ್ನದೇ ಕೈಬರಹದಲ್ಲಿ ಅದು ಇದೆ. ಓದುವಾಗಲೂ ನಿಮಗೆ ಅಂಥ ಗಂಟೆಗಳು ಬಂದಿರಬೇಕು, ಒಂದು ವಿಷಯ ತಟಕ್ಕನೆ ಬಿಡಿಸಿಕೊಂಡು ಅರ್ಥವಾದ ಗಂಟೆಗಳು. ಆಯ್ಕೆಪಟ್ಟಿ ಅವುಗಳನ್ನು ಹಿಂದಕ್ಕೆ ಕಸಿದುಕೊಳ್ಳಲಾರದು.

ನಾಲ್ಕನೆಯ ಸಲ ಬರೆಯಬೇಕೇ ಬಿಡಬೇಕೇ ಎಂದು ನಾನು ಹೇಳಲಾರೆ, ಅದು ನಿಮ್ಮ ಮನೆಯ ಸ್ಥಿತಿ, ವಯೋಮಿತಿ, ಮನಸ್ಸು ಮೂರನ್ನೂ ನೋಡಿ ನೀವೇ ತೀರ್ಮಾನಿಸಬೇಕಾದದ್ದು. ಆದರೆ ನಿಮ್ಮ ದೀರ್ಘ ಪ್ರಶ್ನೆಯಲ್ಲಿ ನೀವು ಎಂಥವರೆಂದು ಹನ್ನೊಂದು ಸಾಲು ಬರೆದಿದ್ದೀರಿ, ಪರೀಕ್ಷೆಯಲ್ಲಿ ಏನಾಯಿತೆಂದು ಒಂದು ಸಾಲನ್ನೂ ಬರೆದಿಲ್ಲ. ಮೂರು ಸಲದ ಅಂಕಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಯಾವ ಪತ್ರಿಕೆಯಲ್ಲಿ ಎಷ್ಟು ಅಂಕ ಹೋಯಿತು, ಯಾವ ಸಲ ಎಷ್ಟು ಹುದ್ದೆಗಳಿದ್ದವು, ಆ ತಿಂಗಳುಗಳಲ್ಲಿ ಮನೆಯಲ್ಲಿ ಏನು ನಡೆದಿತ್ತು, ಎಷ್ಟು ಗಂಟೆ ನಿದ್ದೆ ಮಾಡುತ್ತಿದ್ದಿರಿ ಎಂಬುದನ್ನು ಈ ಉತ್ತರದ ಕೆಳಗೆ ಬರೆಯಿರಿ. ಈಗ ನಮ್ಮ ಹುಳು ಮೂರನೆಯ ಜ್ವರಕ್ಕೆ ಕೂತಿದೆ, ಒಂದು ದಿನ ಸೊಪ್ಪು ಹಾಕುವ ಕೆಲಸವಿಲ್ಲ. ಓದಿ ಉತ್ತರಿಸುತ್ತೇನೆ.